ದುಡ್ಡು ಕೊಡೋರಿಗೆ ಕಾರ್ಡ್ ನಂಬರ್ ಯಾಕೆ ಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. ಒಂದು ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ, ಫೋನಿನಲ್ಲಿ ಒಂದು ಇಮೇಲ್ ನೋಡಿದೆ. ನಿಮ್ಮ ಆದಾಯ ತೆರಿಗೆ ರೀಫಂಡ್ 18,460 ರೂಪಾಯಿ ಮಂಜೂರಾಗಿದೆ, ಇಪ್ಪತ್ನಾಲ್ಕು ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ವಿವರ ಕೊಡಿ, ಇಲ್ಲದಿದ್ದರೆ ಮೊತ್ತ ವಾಪಸ್ ಹೋಗುತ್ತದೆ ಅಂತ ಬರೆದಿತ್ತು. ಮೇಲೆ ನಾಲ್ಕು ಸಿಂಹದ ಲಾಂಛನ. ನಾನು ರಿಟರ್ನ್ ಸಲ್ಲಿಸಿ ಸರಿಯಾಗಿ ಹತ್ತು ದಿನ ಆಗಿತ್ತು. ಅನುಮಾನ ಎಲ್ಲಿಂದ ಬರಬೇಕು ಹೇಳಿ?

ಒತ್ತಿದೆ. ಬ್ಯಾಂಕುಗಳ ಪಟ್ಟಿ ಬಂತು, ನಮ್ಮ ಬ್ಯಾಂಕ್ ಆರಿಸಿದೆ, ಖಾತೆ ಸಂಖ್ಯೆ ಕೊಟ್ಟೆ, ಆಮೇಲೆ ಎಟಿಎಂ ಕಾರ್ಡಿನ ನಂಬರ್ ಕೇಳಿತು, ಕಾರ್ಡಿನ ಹಿಂದಿರುವ ಮೂರು ಅಂಕಿಯನ್ನೂ ಕೇಳಿತು. ಕಾರ್ಡ್ ತರಲು ಎದ್ದವನನ್ನು ನನ್ನ ಹೆಂಡತಿ, "ಏನ್ರೀ ಅದು?" ಅಂದಳು. ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ, "ದುಡ್ಡು ಕೊಡೋರಿಗೆ ನಿಮ್ಮ ಕಾರ್ಡ್ ನಂಬರ್ ಯಾಕ್ರೀ ಬೇಕು? ಹುಂಡಿಗೆ ದುಡ್ಡು ಹಾಕೋಕೆ ಬೀಗದ ಕೈ ಬೇಕಾ?" ಅಂದಳು.

ನಾನು ಅಲ್ಲೇ ನಿಂತುಬಿಟ್ಟೆ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವನಿಗೆ ಈ ಸಣ್ಣ ಲೆಕ್ಕ ಹೊಳೆಯಲಿಲ್ಲ ನೋಡಿ.

ರೀಫಂಡ್ ನಿಜವಾಗಿ ಹೇಗೆ ಬರುತ್ತದೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ನಾವು ಸಲ್ಲಿಸಿದ ರಿಟರ್ನ್ ಪರಿಶೀಲಿಸೋ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ, ಸಿಪಿಸಿ ಅಂತಾರೆ. ರೀಫಂಡ್ ಇದ್ದರೆ, ನಾವು ಮೊದಲೇ ಇಲಾಖೆಯ ಪೋರ್ಟಲಿನಲ್ಲಿ ಸೇರಿಸಿ ದೃಢೀಕರಿಸಿದ ಬ್ಯಾಂಕ್ ಖಾತೆಗೆ ಅದು ತಾನಾಗಿಯೇ ಬಂದು ಬೀಳುತ್ತದೆ. ಅದಕ್ಕೆ ಯಾವ ಲಿಂಕೂ ಒತ್ತಬೇಕಿಲ್ಲ. ಕಾರ್ಡ್ ನಂಬರ್, ಪಿನ್, ಪಾಸ್‌ವರ್ಡ್ ಯಾವುದನ್ನೂ ಇಮೇಲ್‌ನಲ್ಲಿ ಕೇಳೋದಿಲ್ಲ ಅಂತ ಇಲಾಖೆ ಎಷ್ಟೋ ವರ್ಷದಿಂದ ಹೇಳುತ್ತಲೇ ಇದೆ.

ಆದರೆ ತೊಡಕು ಎಲ್ಲಿ ಅಂದರೆ, ಇಲಾಖೆಯಿಂದ ನಿಜವಾದ ಇಮೇಲ್ ಕೂಡ ಬರುತ್ತದೆ. ರಿಟರ್ನ್ ನೋಡಿ ಮುಗಿದ ಮೇಲೆ ಇಂಟಿಮೇಶನ್ ಅಂತ ಒಂದು ಪಿಡಿಎಫ್ ಕಳಿಸುತ್ತಾರೆ. ಅದಕ್ಕೆ ಪಾಸ್‌ವರ್ಡ್ ಇರುತ್ತದೆ, ಸಣ್ಣಕ್ಷರದಲ್ಲಿ ನಿಮ್ಮ ಪ್ಯಾನ್, ಅದರ ಪಕ್ಕ ಹುಟ್ಟಿದ ದಿನಾಂಕ. ಹಾಗಾಗಿ ತೆರಿಗೆಯ ಹೆಸರಲ್ಲಿ ಬಂದ ಇಮೇಲ್ ಎಲ್ಲ ಸುಳ್ಳು ಅಂತ ಅಳಿಸಿ ಕೂರೋ ಹಾಗೂ ಇಲ್ಲ. 2019ರ ಅಕ್ಟೋಬರ್ 1ರಿಂದ ಇಲಾಖೆಯ ನೋಟಿಸುಗಳಿಗೆ ಡಿಐಎನ್ ಅಂತ ಒಂದು ಗುರುತಿನ ಸಂಖ್ಯೆ ಬಂದಿದೆ. ನೋಟಿಸ್ ಅಸಲಿಯೋ ನಕಲಿಯೋ ಅಂತ ಪೋರ್ಟಲಿನಲ್ಲೇ ನೋಡಬಹುದು. ಪೋರ್ಟಲಿಗೆ ಮಾತ್ರ ಇಮೇಲ್‌ನ ಲಿಂಕ್ ಹಿಡಿದು ಹೋಗಬೇಡಿ. ವಿಳಾಸ ನೀವೇ ಟೈಪ್ ಮಾಡಿ.

ಆ ಸುಳ್ಳು ಇಮೇಲ್ ಕಳಿಸಿದ ಕಳ್ಳರಿಗೆ ನನ್ನ ರೀಫಂಡ್ ವಿಷಯ ಹೇಗೆ ಗೊತ್ತಾಯ್ತು ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಗೊತ್ತಿರಲೇ ಇಲ್ಲ ರೀ! ಸುಗ್ಗಿ ಕಾಲಕ್ಕೆ ಗುಬ್ಬಿಗಳು ಕಣಕ್ಕೆ ಬಂದ ಹಾಗೆ, ರಿಟರ್ನ್ ಸಲ್ಲಿಸೋ ಕಾಲಕ್ಕೆ ಇವರೂ ಬರುತ್ತಾರೆ, ಒಂದೇ ಪತ್ರವನ್ನು ಸಿಕ್ಕಸಿಕ್ಕವರಿಗೆಲ್ಲ ಕಳಿಸುತ್ತಾರೆ, ಅದರಲ್ಲಿ ರೀಫಂಡ್ ಕಾಯುತ್ತಾ ಕೂತ ನನ್ನಂಥ ನಾಲ್ಕು ಜನಕ್ಕೆ ಅದು ತಮಗೇ ಬರೆದ ಹಾಗೆ ಕಾಣುತ್ತದೆ. "ಆತ್ಮೀಯ ತೆರಿಗೆದಾರರೇ" ಅಂತಿತ್ತು, ನನ್ನ ಹೆಸರು ಎಲ್ಲೂ ಇರಲಿಲ್ಲ. ಅದನ್ನು ನೋಡಿದ್ದು ಆಮೇಲೆ.

ಇನ್ನು ಕಳಿಸಿದವರ ಹೆಸರು. ಅಲ್ಲಿ ಆದಾಯ ತೆರಿಗೆ ಇಲಾಖೆ ಅಂತಲೇ ಇತ್ತು, ನಿಜ. ಆದರೆ ಹಳೇ ಇನ್‌ಲ್ಯಾಂಡ್ ಲೆಟರ್ ನೆನಪಿದೆಯಾ? ಹಿಂದೆ "ಇಂದ" ಅನ್ನೋ ಕಡೆ ಯಾರ ಹೆಸರು ಬೇಕಾದರೂ ಬರೆಯಬಹುದಿತ್ತು, ಪೋಸ್ಟ್‌ಮ್ಯಾನ್ ಕೇಳುತ್ತಿರಲಿಲ್ಲ. ಇಮೇಲ್‌ನಲ್ಲಿ ಕಾಣೋ ಹೆಸರೂ ಹಾಗೇ. ಫೋನಿನಲ್ಲಂತೂ ಹೆಸರು ಮಾತ್ರ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರೆ ಪೂರ್ತಿ ವಿಳಾಸ ಹೊರಗೆ ಬರುತ್ತದೆ. ಆ ವಿಳಾಸವನ್ನೂ ಕೆಲವರು ಬೇರೆಯವರದ್ದು ಹಾಕಿ ಕಳಿಸುತ್ತಾರೆ ಅನ್ನೋದು ಬೇರೆ ಮಾತು.

ಲಿಂಕ್ ಓದೋದಕ್ಕೆ ಒಂದು ಉಪಾಯ ಹೇಳುತ್ತೇನೆ. ನಮ್ಮ ಕಡೆ ಹೆಸರುಗಳಲ್ಲಿ ಇನಿಷಿಯಲ್ ಮೊದಲು ಬರುತ್ತದೆ, ಊರಿನದ್ದು, ಅಪ್ಪನದ್ದು. ಆಸಾಮಿ ಹೆಸರು ಕೊನೆಗೆ, ಅಲ್ವಾ? ವೆಬ್ ವಿಳಾಸವೂ ಅಷ್ಟೇ. ಶುರುವಿನಲ್ಲಿ ಎಚ್‌ಟಿಟಿಪಿಎಸ್ ಜೊತೆ ಬರೋ ಎರಡು ಓರೆ ಗೀಟು ಬಿಟ್ಟುಬಿಡಿ, ಆಮೇಲೆ ಮೊದಲ ಓರೆ ಗೀಟು ಬರುತ್ತದಲ್ಲ, ಅದರ ಹಿಂದಿನ ತುದಿ ನೋಡಬೇಕು, ಯಜಮಾನ ಕೂತಿರೋದು ಅಲ್ಲಿ. ನನಗೆ ಬಂದ ಲಿಂಕ್ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಅಂತಲೇ ಶುರುವಾಗಿತ್ತು, ಅಷ್ಟು ಓದಿ ನಾನು ಬಿಟ್ಟೆ, ಆದರೆ ಅದು ಅಲ್ಲಿಗೆ ನಿಂತಿರಲಿಲ್ಲ, ಮುಂದೆ ಇನ್ನೇನೋ ಸೇರಿಕೊಂಡು ಡಾಟ್ ಕಾಮ್ ಅಂತ ಮುಗಿದಿತ್ತು. ಸರ್ಕಾರದ ಹೆಸರು ಬರೀ ಇನಿಷಿಯಲ್ ಆಗಿತ್ತು! ಬ್ಯಾಂಕುಗಳ ವಿಷಯದಲ್ಲಿ ಈಗ ಸ್ವಲ್ಪ ಸುಲಭ ಆಗಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ವೆಬ್‌ಸೈಟನ್ನು ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬದಲಾಯಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ತುದಿ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ.

ಒಂದು ಸಿಟ್ಟೂ ಇದೆ, ಹೇಳಿಬಿಡುತ್ತೇನೆ. ನನ್ನ ಬ್ಯಾಂಕ್ ವಾರಕ್ಕೆರಡು ಇಮೇಲ್ ಕಳಿಸುತ್ತದೆ. ಸಾಲ ಬೇಕಾ, ಕಾರ್ಡ್ ಬೇಕಾ, ಇಲ್ಲಿ ಒತ್ತಿ ಅಂತ ದೊಡ್ಡ ಬಟನ್. ಅದೇ ಇಮೇಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ, ಇಮೇಲ್‌ನಲ್ಲಿ ಬರೋ ಲಿಂಕ್ ಒತ್ತಬೇಡಿ ಅಂತ ಬುದ್ಧಿಮಾತು. ಒತ್ತೋದನ್ನು ಅಭ್ಯಾಸ ಮಾಡಿಸಿದವರೇ ಇವರು, ಆಮೇಲೆ ಒತ್ತಿದ್ದು ನಮ್ಮ ತಪ್ಪು!

ನನ್ನದು ಖಾತೆ ಸಂಖ್ಯೆ ಮಾತ್ರ ಹೋಗಿತ್ತು. ಅದು ಚೆಕ್ ಹಾಳೆಯ ಮೇಲೂ ಇರುತ್ತದೆ, ಅದೊಂದರಿಂದಲೇ ಯಾರೂ ದುಡ್ಡು ತೆಗೆಯೋಕಾಗಲ್ಲ. ಬ್ಯಾಂಕಿಗೆ ಹೇಳಿ ಸುಮ್ಮನಾದೆ. ನಮ್ಮ ಬೀದಿಯಲ್ಲೇ ಇರೋ ಒಬ್ಬರು ಇಂಥದ್ದೇ ಪತ್ರಕ್ಕೆ ಕಾರ್ಡ್ ನಂಬರೂ ಕೊಟ್ಟು ಒಟಿಪಿಯನ್ನೂ ಕೊಟ್ಟುಬಿಟ್ಟರು. ನಲವತ್ತು ಸಾವಿರ ಹೋಯಿತು. ಅದಕ್ಕಿಂತ ಕೆಟ್ಟದ್ದು, ಮಕ್ಕಳು ಬೈತಾರೆ, ಬೀದಿಯವರು ನಗ್ತಾರೆ ಅಂತ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಮತ್ತೆ ಹನ್ನೆರಡು ಸಾವಿರ ಹೋಯಿತು.

ಈ ನಾಚಿಕೆ ಇದೆಯಲ್ಲ, ಕಳ್ಳರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಏನು ಹೇಳಿತು ಗೊತ್ತಾ? ಗ್ರಾಹಕ ತಾನೇ ಗುಟ್ಟಿನ ವಿವರ ಕೊಟ್ಟು ದುಡ್ಡು ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸೋ ತನಕ ಆದ ನಷ್ಟ ಅವನದ್ದು. ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿನದ್ದು. ಅಂದರೆ ಆ ನಲವತ್ತು ಸಾವಿರ ಹೋದ ದಿನವೇ ಅವರು ಒಂದು ಫೋನ್ ಮಾಡಿದ್ದರೆ, ಹನ್ನೆರಡು ಸಾವಿರದ ಚಿಂತೆ ಅವರದ್ದಾಗಿರುತ್ತಿರಲಿಲ್ಲ.

ಆದ್ದರಿಂದ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ಕೂಡಲೇ 1930ಕ್ಕೆ ಕರೆ ಮಾಡಿ. ಹತ್ತೊಂಬತ್ತು ಮೂವತ್ತು. ಹಣ ಇನ್ನೂ ಆ ಖಾತೆಯಿಂದ ಈ ಖಾತೆಗೆ ಓಡುತ್ತಿರುವಾಗಲೇ ತಡೆಯೋಕೆ ಇರೋ ನಂಬರ್ ಅದು. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ದೂರು ಕೊಡಬಹುದು. ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನು ಬದಲಾಯಿಸಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಅಲ್ಲೂ ಬದಲಾಯಿಸಿ. ಬಂದ ಇಮೇಲನ್ನು ಅಳಿಸಬೇಡಿ, ಪೊಲೀಸರಿಗೆ ಬೇಕಾಗುತ್ತದೆ.

ನಾವು ಮೋಸಗಾರರನ್ನು ಫೋರ್ ಟ್ವೆಂಟಿ ಅಂತ ಬೈತೀವಲ್ಲ, ಅದು ಹಳೇ ದಂಡ ಸಂಹಿತೆಯ ಸೆಕ್ಷನ್. ಆಫ್ರಿಕಾದ ನೈಜೀರಿಯಾದಲ್ಲಿ ಅದೇ ಥರದ ಸೆಕ್ಷನ್ ನಂಬರ್ 419, ಅಲ್ಲಿನವರು ಇಮೇಲ್ ವಂಚನೆಗೆ ಫೋರ್ ಒನ್ ನೈನ್ ಅಂತಾರೆ. ನಮ್ಮದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 318 ಆಗಿದೆ. ಬೈಗುಳ ಮಾತ್ರ ಇನ್ನೂ ಹಳೇ ನಂಬರಿನಲ್ಲೇ ಇದೆ.

ಅಂದ ಹಾಗೆ, ನನ್ನ ಅಸಲಿ ರೀಫಂಡ್ ಮುಂದಿನ ತಿಂಗಳು ಬಂತು. 18,460 ಅಲ್ಲ, 2,310 ರೂಪಾಯಿ. ಜಮಾ ಆಗಿದೆ ಅಂತ ಮೆಸೇಜ್ ಬಂದಾಗ ಖುಷಿಯಿಂದ ಹೆಂಡತಿಗೆ ತೋರಿಸಿದೆ. ಅವಳು ಫೋನ್ ಮುಟ್ಟಲೂ ಇಲ್ಲ. "ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅಂದಳು. ಹೋಗಿ ಹಾಕಿಸಿಕೊಂಡು ಬಂದೆ.

ನಮಸ್ಕಾರ.