ಸರ್ಕಾರಿ ಶಾಲೆಯ ಅನುದಾನ ಸೊರಗಿದರೆ ಮಕ್ಕಳು ಕಳೆದುಕೊಳ್ಳುವುದೇನು?

[ದೃಶ್ಯ: ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ, ಒಂದೇ ಕೊಠಡಿಯಲ್ಲಿ ಐದು ತರಗತಿಗಳ ಮಕ್ಕಳು]

ನಮಸ್ಕಾರ. ಸರ್ಕಾರಿ ಶಾಲೆಗಳ ಹಣಕ್ಕೆ ಕತ್ತರಿ ಹಾಕುತ್ತಿದ್ದೇವೆ ಎಂದು ಬಜೆಟ್ ಭಾಷಣದಲ್ಲಿ ಯಾರೂ ಓದುವುದಿಲ್ಲ. ನಿಗದಿಯಾದ ಮೊತ್ತ ವರ್ಷಗಟ್ಟಲೆ ಏರದೆ ಉಳಿಯುತ್ತದೆ, ನಿವೃತ್ತರಾದ ಶಿಕ್ಷಕರ ಜಾಗ ಖಾಲಿಯೇ ಇರುತ್ತದೆ. ನಮ್ಮ ರಾಜ್ಯದಲ್ಲಿ ಕಡಿತ ಹೆಚ್ಚಾಗಿ ಈ ರೂಪದಲ್ಲೇ ಬರುವುದರಿಂದ ಅದು ಪೋಷಕರ ಗಮನಕ್ಕೂ ಬರುವುದಿಲ್ಲ.

[ಪರದೆಯ ಮೇಲೆ: ₹10,000]

ಕೇಂದ್ರ ಮತ್ತು ರಾಜ್ಯಗಳ ಹಣದಲ್ಲಿ ನಡೆಯುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ 30 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ನಿಗದಿಯಾಗಿರುವ ವಾರ್ಷಿಕ ಅನುದಾನ 10,000 ರೂಪಾಯಿ, ಅಂದರೆ ತಿಂಗಳಿಗೆ ಸುಮಾರು 833 ರೂಪಾಯಿ. ಸೀಮೆಸುಣ್ಣ, ಹಾಜರಿ ಪುಸ್ತಕ, ಕೆಟ್ಟ ನಲ್ಲಿಯ ರಿಪೇರಿ ಎಲ್ಲವೂ ಇದರಲ್ಲೇ ಆಗಬೇಕು. ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕೆಂಬ ನಿಯಮವಿದೆ. ಆ ಸಾವಿರ ರೂಪಾಯಿಯನ್ನು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರು ರೂಪಾಯಿಯೂ ಆಗದು. ಶೌಚಾಲಯಕ್ಕೆ ನೀರಿಲ್ಲದ ದಿನ ದೊಡ್ಡ ತರಗತಿಯ ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ.

[ದೃಶ್ಯ: ನಲಿ-ಕಲಿ ಕಾರ್ಡುಗಳನ್ನು ಜೋಡಿಸುತ್ತಿರುವ ಶಿಕ್ಷಕಿ]

ಎಲ್ಲಕ್ಕಿಂತ ದೊಡ್ಡ ಹೊಡೆತ ಬೀಳುವುದು ಶಿಕ್ಷಕರ ಕೊರತೆಯಿಂದ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಆದರೂ ರಾಜ್ಯದಲ್ಲಿ ಏಕೋಪಾಧ್ಯಾಯ ಶಾಲೆಗಳು ಸಾವಿರಾರು ಇವೆ. ಅಂಥ ಶಾಲೆಯ ಶಿಕ್ಷಕಿ ಮೊದಲ ಮೂರು ತರಗತಿಗಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ನಡೆಸುತ್ತಾ, ನಾಲ್ಕು ಮತ್ತು ಐದನೆಯವರಿಗೆ ಪಠ್ಯಪುಸ್ತಕದ ಪಾಠ ಹೇಳುತ್ತಾ, ನಡುವೆ ಬಿಸಿಯೂಟದ ಅಕ್ಕಿ, ಬೇಳೆ, ಮೊಟ್ಟೆಗಳ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿಯನ್ನೂ ತುಂಬಬೇಕು. ಭಾಗಾಕಾರದಲ್ಲಿ ತಪ್ಪಿದ ನಾಲ್ಕನೇ ತರಗತಿಯ ಹುಡುಗ ಸ್ಲೇಟು ಹಿಡಿದು ಕಾಯುತ್ತಾನೆ. ಆತನ ಸರದಿ ಬರುವಷ್ಟರಲ್ಲಿ ಊಟದ ಗಂಟೆ ಬಾರಿಸುತ್ತದೆ. ಹೀಗೆ ತಿದ್ದದೆ ಉಳಿದ ಲೆಕ್ಕವೇ ಮುಂದೆ ಹೈಸ್ಕೂಲಿನಲ್ಲಿ ಗಣಿತದ ಭಯವಾಗುತ್ತದೆ. ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ಆಯಾ ವರ್ಷದ ಮಟ್ಟಿಗೆ ತೆಗೆದುಕೊಳ್ಳುವುದರಿಂದ, ಮಕ್ಕಳಿಗೆ ಹೊಂದಿಕೊಂಡ ಶಿಕ್ಷಕರೇ ಮುಂದಿನ ಜೂನ್‌ನಲ್ಲಿ ಬರುತ್ತಾರೆಂಬ ಖಾತರಿಯಿಲ್ಲ. ಮಕ್ಕಳು ಕಡಿಮೆಯಾಗಿದ್ದಾರೆ, ಶಿಕ್ಷಕರೇಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇಪ್ಪತ್ತು ಮಕ್ಕಳಿದ್ದರೂ ತರಗತಿಗಳು ಐದೇ.

[ದೃಶ್ಯ: ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿರುವ ವಿದ್ಯಾರ್ಥಿನಿಯರು]

2006-07ರಲ್ಲಿ ಆರಂಭವಾದ ಎಂಟನೇ ತರಗತಿಯ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಶಾಲೆಗಳು ತೆರೆದ ಮೇಲೂ ವಿತರಣೆ ಮರಳಲಿಲ್ಲ. ಹೈಸ್ಕೂಲು ಪಕ್ಕದೂರಿನಲ್ಲಿದ್ದು ಬಸ್ಸು ಸರಿಯಾಗಿಲ್ಲದ ಕಡೆ ಹೆಣ್ಣುಮಕ್ಕಳ ಓದು ಮುಂದುವರಿಯುವುದೂ ನಿಲ್ಲುವುದೂ ಇಂಥ ವಿಷಯಗಳ ಮೇಲೆಯೇ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ, ಅವಕಾಶ ಕೊಟ್ಟ ಸುತ್ತೋಲೆ ಹೊರಬಿದ್ದು, ವಿರೋಧ ಬಂದ ಕೂಡಲೇ ಹಿಂದಕ್ಕೆ ಹೋಯಿತು. ಸರ್ಕಾರ ಕೊಡದ ಹಣ ಕೊನೆಗೆ ಯಾರ ಜೇಬಿನಿಂದ ಬರಬೇಕಾಗುತ್ತದೆ ಎಂಬುದು ಆ ಸುತ್ತೋಲೆಯಲ್ಲೇ ಇತ್ತು.

ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರದ ಶಾಲಾ ಕಡಿತಗಳನ್ನು ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ ಮತ್ತು ಸಹೋದ್ಯೋಗಿಗಳು ಅಧ್ಯಯನ ಮಾಡಿದ್ದಾರೆ. ಪ್ರತಿ ವಿದ್ಯಾರ್ಥಿಯ ಮೇಲಿನ ವೆಚ್ಚ 1,000 ಡಾಲರ್ ಇಳಿದಲ್ಲಿ ಪರೀಕ್ಷಾ ಅಂಕಗಳು ಕುಸಿದವು, ಕಾಲೇಜು ಸೇರುವವರ ಪ್ರಮಾಣ ಸುಮಾರು 2.6 ಶೇಕಡಾ ಅಂಶ ತಗ್ಗಿತು, ಬಡ ಮತ್ತು ಉಳ್ಳವರ ಮಕ್ಕಳ ನಡುವಿನ ಅಂತರ ಹಿಗ್ಗಿತು.

ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ, ಈ ವರ್ಷದ ಅನುದಾನ ಯಾವ ತಿಂಗಳಲ್ಲಿ ಖಾತೆಗೆ ಬಂತು, ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಇಬ್ಬರು ಶಿಕ್ಷಕರಿರಬೇಕಾದಲ್ಲಿ ಒಬ್ಬರೇ ಇದ್ದರೆ, ಆ ನಡಾವಳಿಯ ಪ್ರತಿಯನ್ನು ಅರ್ಜಿಯ ಜೊತೆಗಿಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.