ಆಟೋದಷ್ಟೇ ಉದ್ದದ ಕಾರು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಜಯನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಒಂದು ದಿನ ಬೆಳಿಗ್ಗೆ ಅವರ ಗೇಟಿನ ಮುಂದೆ ಒಂದು ಹೊಸ ಕಾರು ನಿಂತಿತ್ತು. ಸದ್ದೇ ಇಲ್ಲದೆ ಬಂದಿತ್ತು, ಹಾಗಾಗಿ ಬಂದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಮೊದಲು ಕಂಡದ್ದು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ. ಐದು ನಿಮಿಷದಲ್ಲಿ ಅದರ ಸುತ್ತ ಹತ್ತು ಹನ್ನೆರಡು ಜನ ಸೇರಿದರು. ಎರಡೇ ಬಾಗಿಲು. ಗುಂಡು ಗುಂಡಾದ ಮೈ. ಮೂತಿ ಮೊಟಕು. ಹಾಲು ಹಾಕುವವನು ಸೈಕಲ್ ನಿಲ್ಲಿಸಿ ಕೇಳಿದ: "ಇದೇನ್ ಸಾರ್, ಇನ್ನೂ ಬೆಳೆಯುತ್ತಾ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. "ಇಲ್ಲ ಕಣಪ್ಪಾ, ಇದರ ಎತ್ತರ ಇಷ್ಟೇ" ಅಂದರು.

ಆ ಕಾರಿನ ಹೆಸರು ರೇವಾ. ನಮ್ಮ ಬೊಮ್ಮಸಂದ್ರದಲ್ಲೇ ತಯಾರಾದ ಬ್ಯಾಟರಿ ಕಾರು. ಬ್ಯಾಟರಿ ಗಾಡಿಗಳ ರೂಪ ನೋಡಿ ಜನ ಏನನ್ನುತ್ತಾರೆ, ಯಾಕೆ ಹಾಗನ್ನುತ್ತಾರೆ ಅಂತ ಇವತ್ತು ಮಾತಾಡಬೇಕು ಅಂದುಕೊಂಡಾಗ ನನಗೆ ಮೊದಲು ನೆನಪಾದದ್ದು ಅದೇ ಬೆಳಿಗ್ಗೆ, ಅದೇ ನಗು.

ರೇವಾ ಹಿಂದಿನ ಕತೆ ಸ್ವಲ್ಪ ಹೇಳುತ್ತೇನೆ. ಚೇತನ್ ಮೈನಿ ಬೆಂಗಳೂರಿನ ಹುಡುಗ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಬಿಸಿಲಿನಿಂದ ಓಡುವ ಕಾರು ಕಟ್ಟಿದ ವಿದ್ಯಾರ್ಥಿಗಳ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಅಮೆರಿಕದಲ್ಲಿ ನಡೆದ ಸೌರ ಕಾರುಗಳ ಓಟ ಗೆದ್ದಿತು. ಆಮೇಲೆ ಮೈನಿ ಕುಟುಂಬ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಎಂಬ ಕಂಪನಿ ಜೊತೆ ಸೇರಿ 1994ರಲ್ಲಿ ರೇವಾ ಕಂಪನಿ ಶುರು ಮಾಡಿತು. ರೇವಾ ಅನ್ನುವುದು ಚೇತನ್ ಅವರ ತಾಯಿಯ ಹೆಸರು. 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗೆ ಬಂತು. ಇವತ್ತು ಊರ ತುಂಬ ಬ್ಯಾಟರಿ ಗಾಡಿಗಳ ಹಸಿರು ನಂಬರ್ ಪ್ಲೇಟ್ ನೋಡುತ್ತೇವಲ್ಲ, ಆಗ ಅಂಥದ್ದರ ಕನಸೂ ಯಾರಿಗೂ ಇರಲಿಲ್ಲ.

ಈಗ ಅದರ ಆಕಾರಕ್ಕೆ ಬರುತ್ತೇನೆ. ಸುಮ್ನೆ ವಿಚಿತ್ರವಾಗಿ ಕಾಣಲಿ ಅಂತ ಯಾರೂ ಹಾಗೆ ಮಾಡಿರಲಿಲ್ಲ. ಆಗ ಕೈಗೆಟಕುವ ಬೆಲೆಗೆ ಸಿಗುತ್ತಿದ್ದದ್ದು ಸೀಸದ ಬ್ಯಾಟರಿ, ನಮ್ಮ ಮನೆ ಯುಪಿಎಸ್‌ನಲ್ಲಿ ಇರುವ ಜಾತಿಯದ್ದೇ. ಅದು ವಿಪರೀತ ಭಾರ. ಅಂಥ ಎಂಟು ಬ್ಯಾಟರಿಗಳು ಮುಂದಿನ ಸೀಟುಗಳ ಕೆಳಗೆ ಕೂತಿದ್ದವು. ಗಾಡಿಯ ತೂಕದಲ್ಲಿ ದೊಡ್ಡ ಪಾಲು ಅವುಗಳದ್ದೇ. ಕಾರು ದೊಡ್ಡದು ಮಾಡಿದರೆ ಬ್ಯಾಟರಿ ಜಾಸ್ತಿ ಬೇಕು. ಬ್ಯಾಟರಿ ಜಾಸ್ತಿಯಾದರೆ ಕಾರಿನ ತೂಕ ಇನ್ನೂ ಏರುತ್ತದೆ. ಈ ಸುತ್ತಿನಿಂದ ಹೊರಬರಲು ಇದ್ದದ್ದು ಒಂದೇ ದಾರಿ, ಕಾರನ್ನು ಕುಗ್ಗಿಸುವುದು. ಹಾಗಾಗಿ ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಒಳಗೆ ಉಕ್ಕಿನ ಚೌಕಟ್ಟು, ಮೇಲೆ ಪ್ಲಾಸ್ಟಿಕ್ಕಿನ ಮೈ. ಆ ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದದ್ದಲ್ಲ, ಒಳಗೇ ಬೆರೆತದ್ದು. ಸಣ್ಣಪುಟ್ಟ ಗುದ್ದಿಗೆ ನೆಗ್ಗುತ್ತಿರಲಿಲ್ಲ. ಗೇರ್ ಇಲ್ಲ, ಕ್ಲಚ್ ಇಲ್ಲ. ಮನೆಯ 15 ಆಂಪ್ ಪ್ಲಗ್ಗಿಗೆ ಹಾಕಿದರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜ್. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಓಡುತ್ತದೆ ಅಂತ ಕಂಪನಿ ಹೇಳುತ್ತಿತ್ತು. ಊರೊಳಗೆ ಒಂದು ದಿನದ ಓಡಾಟಕ್ಕೆ ಅದು ಧಾರಾಳ.

ಅಳತೆ ಕೇಳಿ. ಉದ್ದ ಸುಮಾರು 2.6 ಮೀಟರ್, ಅಗಲ 1.3 ಮೀಟರ್. ಇದು ನಮ್ಮ ಆಟೋ ರಿಕ್ಷಾದ ಅಳತೆ! ಹೆಚ್ಚು ಕಡಿಮೆ ಅಷ್ಟೇ ಉದ್ದ, ಅಷ್ಟೇ ಅಗಲ. ದಿನಾ ಬೆಳಗಾದರೆ ಆಟೋದಲ್ಲಿ ಮೂರು ಜನ ಒತ್ತಿಕೊಂಡು ಕೂರುತ್ತೇವೆ, ಶಾಲೆ ಮಕ್ಕಳನ್ನು ಇನ್ನೂ ಜಾಸ್ತಿ ಕೂರಿಸುತ್ತೇವೆ. ಅದರ ಆಕಾರ ನೋಡಿ ಯಾರಿಗೂ ನಗು ಬರುವುದಿಲ್ಲ. ಅದೇ ಅಳತೆಗೆ ನಾಲ್ಕು ಚಕ್ರ, ಎರಡು ಬಾಗಿಲು ಇಟ್ಟು ಕಾರು ಅಂದರೆ ನಗು ಬರುತ್ತದೆ. ಯಾಕೆ?

ನನಗೆ ತೋಚುವುದು ಇದು. ಆಟೋ ನಮ್ಮದಲ್ಲ, ಹತ್ತಿ ಇಳಿಯುವ ಗಾಡಿ. ಅದರಲ್ಲಿ ನಮ್ಮ ಮರ್ಯಾದೆಯ ಪ್ರಶ್ನೆ ಬರುವುದಿಲ್ಲ. ಕಾರು ಹಾಗಲ್ಲ. ಮಗಳ ಮದುವೆಗೆ ಬೀಗರು ಬಂದಾಗ ಬಾಗಿಲಲ್ಲಿ ನಿಲ್ಲಬೇಕಾದದ್ದು. ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನ ಕಣ್ಣಿಗೆ ಬೀಳಬೇಕಾದದ್ದು. ಆಯುಧ ಪೂಜೆಗೆ ಬಾಳೆಕಂಬ ಕಟ್ಟಿಸಿಕೊಳ್ಳಬೇಕಾದದ್ದು. ರೇವಾಗೆ ಬಾಳೆಕಂಬ ಕಟ್ಟಿದರೆ ಕಾರೇ ಕಾಣುತ್ತಿರಲಿಲ್ಲ ಅಂತ ಮೇಷ್ಟ್ರ ಹೆಂಡತಿ ಹೇಳುತ್ತಿದ್ದರು! ಮಾರುತಿ 800ಕ್ಕಿಂತ ಮುಕ್ಕಾಲು ಮೀಟರ್ ಮೋಟು, ಬೆಲೆ ಮಾತ್ರ ಅದಕ್ಕಿಂತ ಜಾಸ್ತಿ. "ದುಡ್ಡು ಕೊಟ್ಟು ಚಿಕ್ಕದು ತಗೋತಾರಾ ಯಾರಾದರೂ?" ಎಂಬ ಪ್ರಶ್ನೆ ಆ ನಗುವಿನ ಒಳಗಿತ್ತು.

ಅದೇ ಕಾರು ಲಂಡನ್ನಿಗೂ ಹೋಯಿತು. ಅಲ್ಲಿ ಅದರ ಹೆಸರು ಜಿ-ವಿಜ್. 2003ರ ಫೆಬ್ರುವರಿಯಲ್ಲಿ ಲಂಡನ್ ನಗರ ಒಂದು ಹೊಸ ನಿಯಮ ತಂದಿತ್ತು. ಊರಿನ ನಡುಭಾಗಕ್ಕೆ ಕಾರು ತರುವವರು ಆಗ ದಿನಕ್ಕೆ 5 ಪೌಂಡ್ ಕಟ್ಟಬೇಕಿತ್ತು. ಬ್ಯಾಟರಿ ಕಾರಿಗೆ ಅದು ಮಾಫಿ ಆಗಿತ್ತು. ಕೆಲವು ಬಡಾವಣೆಗಳಲ್ಲಿ ಪಾರ್ಕಿಂಗೂ ಪುಕ್ಕಟೆ ಇತ್ತು. ಮರುವರ್ಷ ಜಿ-ವಿಜ್ ಅಲ್ಲಿ ಮಾರಾಟಕ್ಕೆ ಬಂತು. ಇಲ್ಲಿ ಚಿಕ್ಕದು ಅಂತ ಬೇಡವಾದದ್ದನ್ನು ಅಲ್ಲಿ ಚಿಕ್ಕದು ಅಂತಲೇ ಕೊಂಡರು. ಕೊಂಡವರಲ್ಲಿ ಮನೆಯಲ್ಲಿ ಇನ್ನೊಂದು ದೊಡ್ಡ ಕಾರು ಇದ್ದವರೂ ಇದ್ದರು. ಅವರಿಗೆ ಅದರಿಂದ ಮರ್ಯಾದೆ ಬರಬೇಕಾದ ಅಗತ್ಯವೇ ಇರಲಿಲ್ಲ, ಅಲ್ವಾ?

ಹಾಗಂತ ಅಲ್ಲಿ ನಗಲಿಲ್ಲವೇ? ಇಲ್ಲಿಗಿಂತ ಜೋರಾಗಿ ನಕ್ಕರು. ಕಾರುಗಳ ಬಗ್ಗೆ ಟಿವಿಯಲ್ಲಿ ಮಾತಾಡುವವರು, ಪತ್ರಿಕೆಯಲ್ಲಿ ಬರೆಯುವವರು ವರ್ಷಗಟ್ಟಲೆ ಅದನ್ನು ಆಡಿಕೊಂಡರು. ಲೋಕದ ಅತಿ ಕುರೂಪಿ ಕಾರುಗಳ ಪಟ್ಟಿ ಮಾಡುವಾಗಲೆಲ್ಲ ಅದಕ್ಕೊಂದು ಜಾಗ ಖಾಯಂ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು, ಊರಿನ ಕಾರು ಎಂಬ ಅಭಿಮಾನದಲ್ಲಿ ಮುಚ್ಚಿಡಬಾರದು. ಬ್ರಿಟನ್ನಿನಲ್ಲಿ ಅದನ್ನು ಕಾರು ಅಂತ ನೋಂದಾಯಿಸುತ್ತಿರಲಿಲ್ಲ, ಕ್ವಾಡ್ರಿಸೈಕಲ್ ಎಂಬ ಬೇರೆ ವರ್ಗಕ್ಕೆ ಸೇರಿಸಿದ್ದರು. ಆ ವರ್ಗಕ್ಕೆ ಕಾರಿನಂತೆ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. 2007ರಲ್ಲಿ ಒಂದು ಕಾರು ಪತ್ರಿಕೆಯವರು ತಾವೇ ಪರೀಕ್ಷೆ ಮಾಡಿಸಿದರು. ಬಂದ ಫಲಿತಾಂಶ ದಿಗಿಲು ಹುಟ್ಟಿಸುವಂತಿತ್ತು. ಆಮೇಲಿನ ವರ್ಷ ಬಂದ ಹೊಸ ಮಾದರಿಯಲ್ಲಿ ಕಂಪನಿ ಚೌಕಟ್ಟನ್ನು ಗಟ್ಟಿ ಮಾಡಿತು, ಬ್ರೇಕ್ ಸುಧಾರಿಸಿತು. ಹಾಗಾಗಿ ಜನರ ಪ್ರತಿಕ್ರಿಯೆಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. "ಇದೇನು ಬೊಂಬೆ ಕಾರು" ಅನ್ನುವುದು ಒಂದು. "ಲಾರಿ ಬಂದು ಗುದ್ದಿದರೆ ನನ್ನ ಮಗು ಏನಾಗುತ್ತೆ" ಅನ್ನುವುದು ಇನ್ನೊಂದು. ಎರಡನೆಯದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳಿದವರಿಂದಲೇ ಗಾಡಿ ಸುಧಾರಿಸಿದ್ದು.

ಒಟ್ಟು 4,000ಕ್ಕೂ ಹೆಚ್ಚು ರೇವಾಗಳು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಓಡಿದವು. 2010ರಲ್ಲಿ ಮಹೀಂದ್ರಾ ಈ ಕಂಪನಿಯ ಬಹುಪಾಲನ್ನು ಕೊಂಡಿತು. 2013ರಲ್ಲಿ ಇ-ಟು-ಓ ಅಂತ ಸ್ವಲ್ಪ ದೊಡ್ಡ ಕಾರು ಬಂತು. ಆಗಲೂ ಎರಡೇ ಬಾಗಿಲು. ಜನ ಮತ್ತೆ ಅದನ್ನೇ ಹಿಡಿದುಕೊಂಡರು. ಅಜ್ಜಿ ಹಿಂದಿನ ಸೀಟಿಗೆ ಹೇಗೆ ಹತ್ತಬೇಕು? ಸರಿಯಾದ ಮಾತೇ. 2016ರಲ್ಲಿ ಅದಕ್ಕೆ ನಾಲ್ಕು ಬಾಗಿಲು ಬಂದವು.

ಬ್ಯಾಟರಿ ಗಾಡಿ ನೋಡಿದಾಗ ನಮ್ಮ ಕಣ್ಣು ಮೊದಲು ಹೋಗುವುದು ಅದರ ಮುಖಕ್ಕೆ. ಪೆಟ್ರೋಲ್ ಕಾರಿಗೆ ಮುಂದೆ ಗ್ರಿಲ್ ಯಾಕೆ ಬೇಕು? ಇಂಜಿನ್ ಕಾಯುತ್ತದೆ, ರೇಡಿಯೇಟರಿಗೆ ಗಾಳಿ ಬೇಕು. ಮೋಟಾರು, ಬ್ಯಾಟರಿಗಳಿಗೆ ಅಷ್ಟು ಗಾಳಿ ಬೇಡ, ಆ ಜಾಗ ಮುಚ್ಚಿದರೂ ನಡೆಯುತ್ತದೆ. ಮುಚ್ಚಿದರೆ ನಮಗೆ ಮೂಗಿಲ್ಲದ ಮುಖ ನೋಡಿದಂತೆ ಆಗುತ್ತದೆ. ನೂರು ವರ್ಷ ಒಂದೇ ಬಗೆಯ ಮುಖ ನೋಡಿದ ಕಣ್ಣಲ್ಲವೇ?

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 2010ರಲ್ಲಿ ಜಪಾನಿನ ನಿಸ್ಸಾನ್ ಕಂಪನಿ ಲೀಫ್ ಎಂಬ ಕಾರು ತಂದಿತು. ಅದರ ದೀಪಗಳು ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿದ್ದವು. ಚೆನ್ನಾಗಿಲ್ಲ ಅಂದವರೇ ಜಾಸ್ತಿ. ಆ ಉಬ್ಬಿಗೆ ಕಾರಣ ಇತ್ತು. ಇಂಜಿನ್ ಸದ್ದು ಇಲ್ಲದಾಗ, ಪಕ್ಕದ ಕನ್ನಡಿಗೆ ಬಡಿಯುವ ಗಾಳಿಯ ಸದ್ದೇ ಒಳಗೆ ದೊಡ್ಡದಾಗಿ ಕೇಳುತ್ತದೆ. ಉಬ್ಬಿದ ದೀಪ ಆ ಗಾಳಿಯನ್ನು ಸೀಳಿ ಕನ್ನಡಿಗೆ ತಾಕದಂತೆ ಆಚೆ ಕಳಿಸುತ್ತಿತ್ತು. ಹೊರಗೆ ನಿಂತವನಿಗೆ ಕಪ್ಪೆ ಕಣ್ಣು, ಒಳಗೆ ಕೂತವನಿಗೆ ನೆಮ್ಮದಿ.

ಇದಕ್ಕೆ ಪೂರ್ತಿ ಬೇರೆ ಥರದ್ದು ಟೆಸ್ಲಾದ ಸೈಬರ್‌ಟ್ರಕ್. 2019ರ ನವೆಂಬರಿನಲ್ಲಿ ತೋರಿಸಿದರು. ತಗಡನ್ನು ಮಡಚಿ ಮಾಡಿದ ಪೆಟ್ಟಿಗೆಯಂಥ ರೂಪ. ಗಟ್ಟಿ ಗಾಜು ಅಂತ ಹೇಳಿ ಉಕ್ಕಿನ ಗುಂಡು ಎಸೆದರೆ ವೇದಿಕೆಯ ಮೇಲೇ ಗಾಜು ಬಿರುಕು ಬಿಟ್ಟಿತು. ಅದಕ್ಕೂ ಒಂದು ಕಾರಣ ಇದೆ, ಆ ದಪ್ಪ ಸ್ಟೇನ್‌ಲೆಸ್ ಸ್ಟೀಲನ್ನು ಸುಲಭವಾಗಿ ಬಾಗಿಸಲು ಬರುವುದಿಲ್ಲ. ಆದರೆ ಅಂಥ ಸ್ಟೀಲೇ ಯಾಕೆ ಬೇಕಿತ್ತು ಎಂಬುದಕ್ಕೆ ನನಗೆ ಒಪ್ಪುವ ಉತ್ತರ ಸಿಕ್ಕಿಲ್ಲ. ರೇವಾ ಚಿಕ್ಕದಾದದ್ದು ಬ್ಯಾಟರಿಯ ಭಾರದಿಂದ. ಸೈಬರ್‌ಟ್ರಕ್ ಹಾಗಾದದ್ದು ಹಾಗೆ ಕಾಣಬೇಕು ಎಂಬ ಆಸೆಯಿಂದ. ಎರಡನ್ನೂ "ವಿಚಿತ್ರ" ಎಂಬ ಒಂದೇ ಪದದಲ್ಲಿ ಕಟ್ಟಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ದೇಶದ ಕಂಪನಿಗಳು ಜನರ ನಗುವಿನಿಂದ ಪಾಠ ಕಲಿತವು. 2020ರ ಜನವರಿ, ಒಂದೇ ತಿಂಗಳಲ್ಲಿ ಎರಡು ಗಾಡಿ ಬಂದವು. ಟಾಟಾದ ನೆಕ್ಸಾನ್ ಇವಿ ಮತ್ತು ಬಜಾಜ್‌ನ ಬ್ಯಾಟರಿ ಚೇತಕ್. ನೆಕ್ಸಾನ್ ನೋಡಲು ಪೆಟ್ರೋಲ್ ನೆಕ್ಸಾನಿನ ಹಾಗೇ ಇತ್ತು, ಹಸಿರು ನಂಬರ್ ಪ್ಲೇಟ್ ಇಲ್ಲದಿದ್ದರೆ ಗುರುತು ಹಿಡಿಯುವುದು ಕಷ್ಟ. ಚೇತಕ್ ಅಂತೂ ಅಪ್ಪನ ಕಾಲದ ಹೆಸರು, ಅದೇ ದುಂಡನೆಯ ಲೋಹದ ಮೈ. ಅದನ್ನು ಮೊದಲು ಮಾರಿದ್ದು ಪುಣೆಯಲ್ಲಿ ಮತ್ತು ನಮ್ಮ ಬೆಂಗಳೂರಿನಲ್ಲಿ. ಜನ ನಗಲಿಲ್ಲ, ಕೊಂಡರು. ಹೊಸದನ್ನು ಹಳೆಯ ಅಂಗಿ ತೊಡಿಸಿ ಮನೆಯೊಳಗೆ ಕರೆತಂದ ಹಾಗೆ. ಇದು ಜಾಣತನ, ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ಇರುವುದು ಹೊಸ ಅಂಗಿಯನ್ನೇ ಹೊಲಿದವರ ಕಡೆ.

ಬೆಂಗಳೂರಿನದೇ ಏಥರ್ ಕಂಪನಿ 2018ರಲ್ಲಿ 450 ಸ್ಕೂಟರ್ ತಂದಾಗ ಹುಡುಗರಿಗೆ ಹಿಡಿಸಿತು. ಮನೆಯವರು ಮಾತ್ರ ಸೀಟು ನೋಡಿ ತಲೆ ಅಲ್ಲಾಡಿಸಿದರು. ಸೀರೆ ಉಟ್ಟವರು ಪಕ್ಕಕ್ಕೆ ತಿರುಗಿ ಆರಾಮಾಗಿ ಕೂರಲು ಬೇಕಾದಷ್ಟು ಜಾಗ ಅದರಲ್ಲಿ ಇರಲಿಲ್ಲ. 2024ರಲ್ಲಿ ಅದೇ ಕಂಪನಿ ರಿಜ್ಟಾ ಅಂತ ಅಗಲ ಸೀಟಿನ ಸ್ಕೂಟರ್ ತಂದಿತು. ಈಗ ಅದೇ ಅವರಲ್ಲಿ ಹೆಚ್ಚು ಮಾರಾಟವಾಗುವ ಗಾಡಿ. ಬೆಂಗಳೂರಿನ ಇನ್ನೊಂದು ಕಂಪನಿ ರಿವರ್. 2023ರಲ್ಲಿ ಇಂಡೀ ಎಂಬ ಸ್ಕೂಟರ್ ತಂದಿತು. ಮುಂದೆ ಎರಡು ಚೌಕ ದೀಪ, 14 ಇಂಚಿನ ದೊಡ್ಡ ಚಕ್ರ, ಎರಡೂ ಪಕ್ಕಕ್ಕೆ ಕಂಬಿ, ಸೀಟಿನ ಕೆಳಗೆ 43 ಲೀಟರ್ ಜಾಗ. ನಾನು ಮೊದಲು ನೋಡಿದ್ದು ಸೌತ್ ಎಂಡ್ ಸರ್ಕಲ್ ಸಿಗ್ನಲ್ಲಿನಲ್ಲಿ. ಪಕ್ಕದ ಬೈಕಿನವನು ಹೆಲ್ಮೆಟ್ ಗಾಜು ಎತ್ತಿ ಅದನ್ನೇ ನೋಡುತ್ತಿದ್ದ. ನಾನು ನಗುವಿಗೆ ಕಾಯುತ್ತಿದ್ದೆ. ಅವನು ಕೇಳಿದ್ದು, "ಬ್ರದರ್, ಎಷ್ಟು ಕೊಡುತ್ತೆ?"

ಹಸುವಿನ ಬಗ್ಗೆಯೂ ನಾವು ಹಾಗೇ ಕೇಳುತ್ತೇವೆ. ಎಷ್ಟು ಕೊಡುತ್ತೆ? ಆ ಪ್ರಶ್ನೆ ಕೇಳಿ ನನಗೆ ತುಂಬಾ ಸಂತೋಷವಾಯಿತು. ಆಕಾರ ನೋಡಿದ, ಬೆರಗಾದ, ಅದನ್ನು ದಾಟಿ ಗಾಡಿಯ ಕೆಲಸಕ್ಕೆ ಬಂದ. ಇಪ್ಪತ್ತು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಮೇಷ್ಟ್ರನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮೇಷ್ಟ್ರು ಅದನ್ನೇ ಯಾಕೆ ಕೊಂಡರು ಅಂತ ನನಗೆ ಗೊತ್ತಾದದ್ದು ತಡವಾಗಿ. ಅವರ ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಓಣಿ ಇತ್ತು. ಎಂಟು ಅಡಿಯೂ ಇಲ್ಲ. ಒಂದು ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಲ್‌ಬಾಗಿನ ಸುತ್ತ ಒಂದು ಸುತ್ತು ಹಾಕಿದರು. ವಾಪಸ್ ಬಂದು ನನ್ನನ್ನು ಗೇಟಿನ ಹತ್ತಿರ ಇಳಿಸಿ, ಕಾರನ್ನು ಮೆಲ್ಲಗೆ ಆ ಓಣಿಗೆ ಹಿಂದಕ್ಕೆ ತಂದರು. ಎಡಗಡೆ ಗೋಡೆಗೆ ಒತ್ತಿ ನಿಲ್ಲಿಸಿ, ತಮ್ಮ ಕಡೆಯ ಬಾಗಿಲು ತೆರೆದು ಇಳಿದರು. ಟೇಪು ಹಿಡಿದು ಅಳತೆ ಮಾಡಿಕೊಂಡೇ ಕೊಂಡದ್ದು ಅಂದರು. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಸ್ವಿಚ್ ಹಾಕಿ, "ನಾಳೆಗೆ ಊಟ ಹಾಕಿದ ಹಾಗಾಯಿತು" ಅಂದರು.

ವಯಸ್ಸಾಗಿ ಕಣ್ಣು ಮಂಜಾದ ಮೇಲೆ ಮೇಷ್ಟ್ರು ಕಾರು ಓಡಿಸುವುದು ಬಿಟ್ಟರು. ರೇವಾ ಮಾರಿದರು. ಮಗ ದೊಡ್ಡ ಕಾರು ತಗೊಂಡಿದ್ದಾನೆ, ಪೆಟ್ರೋಲಿನದು. ಅದು ಓಣಿಯಲ್ಲಿ ಹಿಡಿಸುವುದಿಲ್ಲ, ರಸ್ತೆಯಲ್ಲೇ ನಿಲ್ಲುತ್ತದೆ. ಓಣಿಯಲ್ಲಿ ಈಗ ಸಾಲಾಗಿ ಹೂವಿನ ಕುಂಡಗಳಿವೆ. ಗೋಡೆಯ ಮೇಲೆ ಆ 15 ಆಂಪ್ ಪ್ಲಗ್ ಮಾತ್ರ ಹಾಗೇ ಇದೆ. ಮೊನ್ನೆ ಅವರ ಮೊಮ್ಮಗಳು ತನ್ನ ಬ್ಯಾಟರಿ ಸ್ಕೂಟರನ್ನು ಎರಡು ಕುಂಡ ಸರಿಸಿ ಅಲ್ಲಿ ನಿಲ್ಲಿಸುತ್ತಿದ್ದಳು.

ನಮಸ್ಕಾರ.