ತಲೆಯ ಮೇಲೆ ಶೂ ಹೊತ್ತ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಅಲ್ಲಿನ ಫೈನಲ್ ಸರಣಿಗೆ ವರ್ಲ್ಡ್ ಸೀರೀಸ್ ಅನ್ನುತ್ತಾರೆ. ಅದನ್ನು ಗೆಲ್ಲದ ತಂಡಗಳು ಇನ್ನೂ ಕೆಲವು ಇವೆ. ಅಲ್ಲಿಗೆ ಒಮ್ಮೆಯೂ ಕಾಲಿಡದ ತಂಡ ಮಾತ್ರ ಒಂದೇ, ಸಿಯಾಟಲ್ ಮ್ಯಾರಿನರ್ಸ್. 1977ರಲ್ಲಿ ಹುಟ್ಟಿದ ಈ ತಂಡ ಮೊದಲ ಪಂದ್ಯವನ್ನೇ 7–0 ಅಂತ ಸೋತಿತು. ಸೋಲಿಗಿಂತ ಗೆಲುವು ಹೆಚ್ಚು ಅನ್ನುವಂಥ ವರ್ಷ ಕಾಣಲು 1991 ಬರಬೇಕಾಯಿತು. ಈ ತಂಡವನ್ನು ಕಟ್ಟಿಕೊಂಡು ಏಗುವ ಜನರ ಬಗ್ಗೆ ಇವತ್ತು ನಾಲ್ಕು ಮಾತು.

ಸಿಯಾಟಲ್ ಕಡೆಗೆ ಕೆಲಸಕ್ಕೆ ಹೋದ ಕನ್ನಡದವರು ಬೇಕಾದಷ್ಟಿದ್ದಾರೆ. ಬೆಲ್‌ವ್ಯೂ, ರೆಡ್ಮಂಡ್ ಕಡೆ ಮನೆ ಮಾಡಿಕೊಂಡು, ಮಕ್ಕಳ ಹಟಕ್ಕೆ ಒಮ್ಮೆ ಸ್ಟೇಡಿಯಮ್ಮಿಗೆ ಹೋಗಿ, ಆಮೇಲೆ ತಾವೇ ಹುಚ್ಚು ಹಿಡಿಸಿಕೊಂಡವರೂ ಉಂಟು. ಅವರಿಗೆ ಈ ರುಚಿ ಯಾರೂ ಹೇಳಿಕೊಡಬೇಕಾಗಿಲ್ಲ. ಆರ್‌ಸಿಬಿ ಮೂರು ಫೈನಲ್ ಸೋತು, 18ನೇ ಐಪಿಎಲ್‌ನಲ್ಲಿ, 2025ರ ಜೂನ್‌ನಲ್ಲಿ ಕಪ್ ಎತ್ತುವ ತನಕ ‘ಈ ಸಲ ಕಪ್ ನಮ್ದೇ’ ಅಂದುಕೊಂಡೇ ಬಂದವರಲ್ಲವೇ ಅವರು!

ಬೇಸ್‌ಬಾಲ್ ನಮ್ಮ ಐಪಿಎಲ್ ಥರ ಎರಡು ತಿಂಗಳಲ್ಲಿ ಮುಗಿಯುವುದಿಲ್ಲ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯ ತನಕ ಒಂದೊಂದು ತಂಡಕ್ಕೂ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ಅದರಲ್ಲಿ ಮೇಲೆ ಬಂದವರಿಗೆ ಅಕ್ಟೋಬರ್‌ನಲ್ಲಿ ಪ್ಲೇಆಫ್. ಅಲ್ಲಿ ಮೂರು, ಐದು, ಏಳು ಪಂದ್ಯಗಳ ಸರಣಿ. ಆರು ತಿಂಗಳು ಬೆವರು ಸುರಿಸಿ ಗಳಿಸಿದ್ದು ಒಂದೇ ವಾರದಲ್ಲಿ ನೀರುಪಾಲಾಗಬಹುದು. 2001ರಲ್ಲಿ ಆದದ್ದು ಅದೇ. ಜಪಾನಿನಿಂದ ಇಚಿರೊ ಅನ್ನುವ ಆಟಗಾರ ತಂಡಕ್ಕೆ ಬಂದ ಮೊದಲ ವರ್ಷ ಅದು. ಮ್ಯಾರಿನರ್ಸ್ 116 ಪಂದ್ಯ ಗೆದ್ದು, 1906ರಲ್ಲಿ ಶಿಕಾಗೋ ಕಬ್ಸ್ ಮಾಡಿದ್ದ ದಾಖಲೆಯನ್ನು ಸರಿಗಟ್ಟಿದರು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು 4–1 ಅಂತ ಮುಗ್ಗರಿಸಿದರು. ಅಲ್ಲಿಂದಾಚೆಗೆ 20 ಸೀಸನ್ ಪ್ಲೇಆಫ್‌ನ ಬಾಗಿಲೇ ತೆರೆಯಲಿಲ್ಲ. ಆ ವರ್ಷ ಹುಟ್ಟಿದ ಕೂಸು ಕಾಲೇಜಿಗೆ ಹೋಗುವಷ್ಟು ದೊಡ್ಡದಾದರೂ ತನ್ನೂರಿನ ತಂಡವನ್ನು ಅಕ್ಟೋಬರ್‌ನಲ್ಲಿ ಕಂಡಿರಲಿಲ್ಲ.

ಹಾಗಿದ್ದರೆ ಈ ಜನ ಯಾವುದನ್ನು ನೆಚ್ಚಿಕೊಂಡು ಬದುಕಿದರು? ನನ್ನ ಮಟ್ಟಿಗೆ ಉತ್ತರ ಒಂದೇ ಹೊಡೆತದಲ್ಲಿದೆ, ಒಂದು ದನಿಯಲ್ಲಿದೆ.

1995. ಆಡುತ್ತಿದ್ದದ್ದು ಕಿಂಗ್‌ಡೋಮ್ ಅನ್ನುವ ಕಾಂಕ್ರೀಟ್ ಗುಮ್ಮಟದ ಕೆಳಗೆ. ಅದರ ಹಿಂದಿನ ವರ್ಷ ಅದರ ಚಾವಣಿಯ ಹಲಗೆಗಳೇ ಕಳಚಿ ಬಿದ್ದಿದ್ದವು. ಹೊಸ ಕ್ರೀಡಾಂಗಣ ಕಟ್ಟಿಕೊಡದಿದ್ದರೆ ತಂಡ ಊರು ಬಿಡುತ್ತದೆ ಅನ್ನುವ ಮಾತು ಜೋರಾಗಿತ್ತು. ಅದಕ್ಕಾಗಿ ತೆರಿಗೆ ಹಾಕಬೇಕೆ ಅಂತ ಕೇಳಿದಾಗ ಜನ ಸಣ್ಣ ಅಂತರದಲ್ಲಿ ಬೇಡ ಅಂದಿದ್ದರು. ಆಗಸ್ಟ್ ಆರಂಭದಲ್ಲಿ ಮೊದಲ ಸ್ಥಾನಕ್ಕಿಂತ 13 ಪಂದ್ಯ ಹಿಂದಿದ್ದ ತಂಡ ಅದು ಹೇಗೋ ಏರಿ ಏರಿ ಪ್ಲೇಆಫ್ ಮುಟ್ಟಿತು. ಯಾಂಕೀಸ್ ವಿರುದ್ಧ ಮೊದಲೆರಡು ಸೋತು ಮುಂದಿನೆರಡು ಗೆದ್ದಿತು. ಐದನೇ ಪಂದ್ಯ ಅಕ್ಟೋಬರ್ 8ರಂದು. ಹನ್ನೊಂದನೇ ಇನ್ನಿಂಗ್ಸ್, ಯಾಂಕೀಸ್ 5, ಸಿಯಾಟಲ್ 4. ಎಡ್ಗರ್ ಮಾರ್ಟಿನೆಜ್ ಚೆಂಡನ್ನು ಎಡಗಡೆಯ ಗೆರೆಯುದ್ದಕ್ಕೂ ಬಾರಿಸಿದ. ಜೋಯಿ ಕೋರಾ ಬಂದ, ಸಮ ಆಯಿತು. ಮೊದಲ ಬೇಸ್‌ನಲ್ಲಿದ್ದ ಕೆನ್ ಗ್ರಿಫಿ ಜೂನಿಯರ್ ಎರಡನೆಯದು ದಾಟಿ, ಮೂರನೆಯದು ದಾಟಿ, ನಿಲ್ಲದೆ ಓಡಿಬಂದು ಜಾರಿ ‘ಮನೆ’, ಅಂದರೆ ಕೊನೆಯ ಬೇಸ್ ಮುಟ್ಟಿದ; ಸಿಯಾಟಲ್ ಗೆದ್ದಿತು. ಮೇಲೆ ತಂಡದವರೆಲ್ಲ ಬಿದ್ದರು. ಅವರ ರಾಶಿಯ ಅಡಿಯಿಂದ ಹಲ್ಲು ಕಿರಿದು ನಗುವ ಗ್ರಿಫಿಯ ಫೋಟೋ ಆ ಊರಿನವರಿಗೆಲ್ಲ ಗೊತ್ತು.

ಈ ಓಟವನ್ನು ರೇಡಿಯೋದಲ್ಲಿ ಹೇಳಿದವರು ಡೇವ್ ನೀಹೌಸ್. ತಂಡದ ಮೊದಲ ಪಂದ್ಯದಿಂದ 2010ರಲ್ಲಿ ತೀರಿಕೊಳ್ಳುವ ತನಕ ಅದರ ಕಾಮೆಂಟರಿ ಅಂದರೆ ಅವರೇ. ‘ಮೈ ಓ ಮೈ’ ಅನ್ನುವುದು ಅವರ ಉದ್ಗಾರ. ಬೇಸ್‌ಬಾಲ್ ರೇಡಿಯೋಗೆ ಹೇಳಿ ಮಾಡಿಸಿದ ಆಟ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಕಥೆ ಹೇಳಲು ಬೇಕಾದಷ್ಟು ಪುರಸೊತ್ತು. ತಂಡ ಹತ್ತು ಓಟ ಹಿಂದಿರುವಾಗಲೂ ಕೇಳುಗ ರೇಡಿಯೋ ಆರಿಸದಿದ್ದರೆ ಅದು ಆ ದನಿಯ ಪುಣ್ಯ. (ಆಕಾಶವಾಣಿಯಲ್ಲಿ ಟೆಸ್ಟ್ ಪಂದ್ಯದ ಕಾಮೆಂಟರಿ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ನೀಹೌಸ್ ಮ್ಯಾರಿನರ್ಸ್ ಆಡುವ ವರ್ಲ್ಡ್ ಸೀರೀಸನ್ನು ಹೇಳದೆಯೇ ಹೋದರು.

ಸಿಯಾಟಲ್‌ನ ಈಗಿನ ಕ್ರೀಡಾಂಗಣದ ಒಳಗೆ ಅವರ ಕಂಚಿನ ಪ್ರತಿಮೆಯಿದೆ. ಮೇಜಿನ ಹಿಂದೆ ಕೂತಿದ್ದಾರೆ, ಎದುರಿಗೆ ಮೈಕು, ಬಿಡಿಸಿಟ್ಟ ಸ್ಕೋರ್ ಪುಸ್ತಕ. ಬಗ್ಗಿ ನೋಡಿದರೆ ಆ ಪುಟದಲ್ಲಿರುವುದು 1995ರ ಅದೇ ಐದನೇ ಪಂದ್ಯ. ಪಕ್ಕದಲ್ಲಿ ಒಂದು ಕುರ್ಚಿ ಖಾಲಿ; ಬಂದವರು ಅಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಲ್ಲೊಂದು ತಮಾಷೆ ಗಮನಿಸಿ. ಆ ಪಂದ್ಯ ಫೈನಲ್ಲೂ ಅಲ್ಲ, ಸೆಮಿಫೈನಲ್ಲೂ ಅಲ್ಲ. ನಮ್ಮ ಲೆಕ್ಕದಲ್ಲಿ ಕ್ವಾರ್ಟರ್ ಫೈನಲ್. ಮುಂದಿನ ಸುತ್ತಿನಲ್ಲಿ ಕ್ಲೀವ್‌ಲ್ಯಾಂಡ್ ಇವರನ್ನು ಸೋಲಿಸಿ ಮನೆಗೆ ಕಳಿಸಿತು. ಆದರೂ ಆ ಅಕ್ಟೋಬರ್‌ನಲ್ಲೇ ರಾಜ್ಯದ ಶಾಸಕರು ವಿಶೇಷ ಅಧಿವೇಶನದಲ್ಲಿ ಸೇರಿ ಕ್ರೀಡಾಂಗಣಕ್ಕೆ ಹಣದ ದಾರಿ ಮಾಡಿಕೊಟ್ಟರು, ತಂಡ ಊರಲ್ಲೇ ಉಳಿಯಿತು. ಕಪ್ ತರದ ಗೆಲುವೊಂದು ತಂಡವನ್ನೇ ಉಳಿಸಿಕೊಟ್ಟಿತಲ್ಲ. ಇದನ್ನು ಸೋತವರ ಸಮಾಧಾನ ಅಂತ ನಗುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಗಂತ ಈ ತಾಳ್ಮೆಯಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಅನ್ನಲಾರೆ. ಎಷ್ಟು ಸೋತರೂ ಟಿಕೆಟ್ ಕೊಳ್ಳುವ ಜನ ಇದ್ದರೆ ಮಾಲೀಕರಿಗೆ ಕೈಬಿಚ್ಚಿ ಖರ್ಚು ಮಾಡುವ ಅವಸರ ಏನಿದೆ? 2023ರಲ್ಲಿ ಒಂದೇ ಒಂದು ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿತು. ತಂಡ ಕಟ್ಟುವ ಹೊಣೆ ಹೊತ್ತ ಜೆರ್ರಿ ಡಿಪೊಟೊ ಪತ್ರಕರ್ತರೆದುರು ಲೆಕ್ಕ ಹೇಳಿದರು: ಹತ್ತು ವರ್ಷದುದ್ದಕ್ಕೂ ನೂರಕ್ಕೆ 54 ಪಂದ್ಯ ಗೆಲ್ಲುತ್ತ ಹೋದರೆ ವರ್ಲ್ಡ್ ಸೀರೀಸ್ ತಾನಾಗಿ ಒದಗುತ್ತದೆ ಅಂತ. ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಆಮೇಲೆ ಅವರು ಕ್ಷಮೆ ಕೇಳಿದರು. 54 ಅನ್ನುವ ಅಂಕಿ ಮಾತ್ರ ಅಭಿಮಾನಿಗಳ ಬಾಯಲ್ಲಿ ಬೈಗುಳವಾಗಿ ಉಳಿದುಕೊಂಡಿತು.

ಇನ್ನು ಶೂ ವಿಷಯ. 2022ರ ಸೆಪ್ಟೆಂಬರ್ 30ರಂದು ತಂಡದ ಕ್ಯಾಲ್ ರಾಲಿ ಕೊನೆಯ ಇನ್ನಿಂಗ್ಸಿನಲ್ಲಿ ಹೊಡೆದ ಹೋಮ್ ರನ್ನಿನಿಂದ (ನಮ್ಮ ಸಿಕ್ಸರ್ ಥರ ಚೆಂಡು ಗೋಡೆ ದಾಟುವ ಹೊಡೆತ) 20 ಸೀಸನ್ನಿನ ಆ ಪ್ಲೇಆಫ್ ಬರ ಮುಗಿಯಿತು. ಮುಂದಿನ ವಾರ ಟೊರಾಂಟೊದಲ್ಲಿ ಪ್ಲೇಆಫ್. ಸಿಯಾಟಲ್ 8–1 ಹಿಂದೆ. ತಮ್ಮೂರಿನ ಕ್ರೀಡಾಂಗಣದಲ್ಲಿ ದೊಡ್ಡ ಪರದೆಯ ಮುಂದೆ ಕೂತಿದ್ದವರು ಕಾಲಿನ ಶೂ ಬಿಚ್ಚಿ ತಲೆಯ ಮೇಲಿಟ್ಟುಕೊಂಡರು. ಯಾಕೆ ಅಂತ ಕೇಳಬೇಡಿ. ಪಂದ್ಯ 10–9 ಅಂತ ಸಿಯಾಟಲ್ ಪಾಲಾಯಿತು! ಭರತ ಪಾದುಕೆ ಹೊತ್ತು ರಾಜ್ಯ ಕಾದದ್ದು ಹದಿನಾಲ್ಕು ವರ್ಷ. ಇವರ ಕಾವಲು ಅದನ್ನೂ ಮೀರಿತ್ತು. ಆದರೆ ಮುಂದಿನ ಸುತ್ತಿನಲ್ಲಿ ಹ್ಯೂಸ್ಟನ್ ಮೂರಕ್ಕೆ ಮೂರೂ ಗೆದ್ದಿತು. ಮೂರನೆಯದು 2001ರ ನಂತರ ಸಿಯಾಟಲ್‌ನಲ್ಲಿ ನಡೆದ ಮೊದಲ ಪ್ಲೇಆಫ್ ಪಂದ್ಯ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದದ್ದು ಹದಿನೆಂಟಕ್ಕೆ ಎಳೆಯಿತು, ಆರು ಗಂಟೆ ದಾಟಿತು. ಕೊನೆಗೆ 1–0, ಸೋಲು.

2025ರಲ್ಲಿ ಹರಕೆ ಇನ್ನೂ ಒಂದು ಕೈ ಮೇಲೆ ಹೋಯಿತು. ಸೆಪ್ಟೆಂಬರ್‌ನಲ್ಲಿ ತಂಡ ತಡವರಿಸುತ್ತಿದ್ದಾಗ ಒಬ್ಬ ಅಭಿಮಾನಿ ಎಟ್ಸಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಟ ಮಾಡಿಸಿದ. ತಂಡ ಮುಂದಿನ 18ರಲ್ಲಿ 17 ಗೆದ್ದಿತು. ಪಂದ್ಯದ ನಡುವೆ ಸಾಲ್ಮನ್ ಮೀನಿನ ವೇಷ ತೊಟ್ಟ ನಾಲ್ವರ ಓಟದ ಪಂದ್ಯವೊಂದು ಅಲ್ಲಿ ನಡೆಯುತ್ತದೆ. ಅದರಲ್ಲಿ ಹಂಪಿ ಅನ್ನುವ ಮೀನು ಅಲ್ಲಿಯ ತನಕ ಒಮ್ಮೆಯೂ ಗೆದ್ದಿರಲಿಲ್ಲ. ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ವಿರುದ್ಧದ ನಿರ್ಣಾಯಕ ಪಂದ್ಯದ ರಾತ್ರಿ ಹಂಪಿ ಗೆದ್ದಿತು. ಹದಿನೈದನೇ ಇನ್ನಿಂಗ್ಸಿನಲ್ಲಿ ಹೋರ್ಹೆ ಪೊಲಾಂಕೊ ಹೊಡೆದು ತಂಡವನ್ನೂ ಗೆಲ್ಲಿಸಿದ. ಆ ವರ್ಷ ರಾಲಿಯ ಹೋಮ್ ರನ್ 60. ಇಷ್ಟೆಲ್ಲ ಕೂಡಿಬಂದ ಮೇಲೆ ನಂಬದೆ ಇರುವುದು ಹೇಗೆ?

ಅಕ್ಟೋಬರ್ 20, ದೀಪಾವಳಿ. ಅಲ್ಲಿನ ಕನ್ನಡದ ಮನೆಗಳಲ್ಲಿ ಹಣತೆ ಹಚ್ಚುವ ಹೊತ್ತಿಗೆ ಟೊರಾಂಟೊದಲ್ಲಿ ಸೆಮಿಫೈನಲ್ಲಿನ ಏಳನೇ ಪಂದ್ಯ. ಏಳನೇ ಇನ್ನಿಂಗ್ಸಿನಲ್ಲಿ ಸಿಯಾಟಲ್ 3–1 ಮುಂದಿದೆ. ಇನ್ನು ಎಂಟೇ ಎಂಟು ಔಟ್ ಸಿಕ್ಕರೆ ವರ್ಲ್ಡ್ ಸೀರೀಸ್. ಇಬ್ಬರು ಬೇಸ್ ಮೇಲಿದ್ದಾಗ ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಚೆಂಡನ್ನು ಎಡಗಡೆಯ ಗೋಡೆಯಾಚೆ ಕಳಿಸಿದ. 4–3. ಕೊನೆಗೆ ಊರಿನ ಕಣ್ಮಣಿ ಹೂಲಿಯೊ ರೋಡ್ರಿಗೆಸ್ ಬ್ಯಾಟ್ ಬೀಸಿ ಚೆಂಡು ತಪ್ಪಿಸಿಕೊಂಡ, ಮುಗಿಯಿತು.

ಹೀನಾಯವಾಗಿ ಸೋಲುವ ವರ್ಷಗಳನ್ನು ನಗೆಯಾಡಿ ಕಳೆಯಬಹುದು. ಕೈಗೆ ಬಂದ ತುತ್ತು ಬಾಯಿಗೆ ಬಾರದ ವರ್ಷಕ್ಕೆ ಅಂಥ ಮದ್ದಿಲ್ಲ. ಚೆಂಡೆಸೆಯಲು ಆ ಪಿಚರನ್ನು ಯಾಕೆ ಇಳಿಸಿದರು, ಇನ್ನೊಬ್ಬ ಇದ್ದನಲ್ಲ ಅಂತ ಚಳಿಗಾಲವಿಡೀ ವಾದ. ನವೆಂಬರ್‌ನಲ್ಲಿ ತಂಡದ ಆಟಗಾರ ಜಾಶ್ ನೇಲರ್‌ನನ್ನು ಐದು ವರ್ಷಕ್ಕೆ ಉಳಿಸಿಕೊಂಡ ಸುದ್ದಿ ಬಂತು, ಮುಖಗಳು ಸ್ವಲ್ಪ ಅರಳಿದವು. ಡಿಸೆಂಬರ್‌ನಲ್ಲಿ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೊರಟ. ಅವನ ಜಾಗಕ್ಕೆ ಯಾರು ಅನ್ನುವ ಜಗಳ ಅವತ್ತೇ ಶುರುವಾಯಿತು.

ನಮಸ್ಕಾರ.